ಹುಟ್ಟಿದಾಗ ಅಳದ ಮಗುವಿಗೆ ತಣ್ಣೀರು ಬಟ್ಟೆ ಹಾಕಬಹುದೇ?

ಮೈ ತಂಪು ಮಾಡಿದರೆ ಮಗುವಿನ ಮಿದುಳು ಉಳಿಯುತ್ತದೆ ಎಂಬ ಮಾತು ಅರ್ಧ ನಿಜ. ಹುಟ್ಟುವಾಗ ಆಮ್ಲಜನಕ ಸಿಗದಿದ್ದರೆ, ಉಸಿರು ಮರಳಿದ ಕೆಲವು ಗಂಟೆಗಳ ಬಳಿಕವೂ ಮಿದುಳಿನ ಕೋಶಗಳು ಸಾಯತೊಡಗುತ್ತವೆ. ಇದನ್ನು ತಡೆಯಲು ಐಸಿಯುನಲ್ಲಿ, ಹುಟ್ಟಿದ 6 ಗಂಟೆಯೊಳಗೆ ಮೈ ಬಿಸಿಯನ್ನು 33-34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 72 ಗಂಟೆ ಅಷ್ಟರಲ್ಲೇ ಇರಿಸುತ್ತಾರೆ. ಶ್ರೀಮಂತ ದೇಶಗಳಲ್ಲಿ ಇದರಿಂದ ಸಾವು, ಅಂಗವೈಕಲ್ಯ ಎರಡೂ ತಗ್ಗಿವೆ.

ನಮ್ಮ ಕಡೆಯ ಕತೆ ಬೇರೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳನ್ನು ಗಮನಿಸಿ 2021ರಲ್ಲಿ ಪ್ರಕಟವಾದ 'ಹೆಲಿಕ್ಸ್' ಅಧ್ಯಯನದಲ್ಲಿ ತಂಪು ಮಾಡಿದ ಶಿಶುಗಳಲ್ಲೇ ಸಾವು ಹೆಚ್ಚಿತ್ತು. ಅದೂ ಆಸ್ಪತ್ರೆಯ ಆರೈಕೆಯಲ್ಲಿ! ಹೀಗಿರುವಾಗ ಮನೆಯಲ್ಲಿ ಐಸ್, ಒದ್ದೆ ಬಟ್ಟೆ ಎನ್ನುವ ಫಾರ್ವರ್ಡ್‌ಗಳನ್ನು ನಂಬಲೇಬೇಡಿ. ಅಳದ ಮಗುವಿಗೆ ಮೊದಲು ಬೇಕಾದದ್ದು ಮೈ ಒರೆಸಿ ಬೆಚ್ಚಗಿಡುವುದು, ಮೊದಲ ನಿಮಿಷದಲ್ಲೇ ಉಸಿರಾಟಕ್ಕೆ ನೆರವು. ತಂಪು ಮಾಡಬೇಕೇ ಬೇಡವೇ ಎಂಬುದನ್ನು ಮಕ್ಕಳ ತಜ್ಞರು ನೋಡಿಕೊಳ್ಳುತ್ತಾರೆ.