ಥಂಡಿ ಹೆಂಗೈತಿ ದೋಸ್ತ?

ಸಂಕ್ರಾಂತಿ ಬಂತು ಅಂದ್ರೆ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡೇ ಥರದ ಮೆಸೇಜು. ಒಂದು, ಕಬ್ಬು, ಗಾಳಿಪಟದ ಚಿತ್ರ ಇರೋ ಶುಭಾಶಯ. ಎಲ್ಲಿಂದಲೋ ಬಂದದ್ದನ್ನು ಹಂಗೇ ಮುಂದಕ್ಕೆ ತಳ್ಳಿದ್ದು. ಇನ್ನೊಂದು, "ಏನ್ ಥಂಡಿ ಲೇ ಮಾರಾಯ, ಹಾಸಿಗಿ ಬಿಟ್ಟ ಏಳಾಕ ಆಗವಲ್ದು" ಅನ್ನೋ ಗೊಣಗಾಟ. ಇವೆರಡರಲ್ಲಿ ನಿಜವಾದ ಶುಭಾಶಯ ಯಾವುದು ಅಂದ್ರೆ, ನಾನು ಎರಡನೆಯದು ಅಂತೀನಿ. ಆದರೆ ನಾವು ಅದನ್ನೂ ಅರ್ಧಕ್ಕೇ ಬಿಡ್ತೀವಿ. ನನ್ನ ತಕರಾರು ಅದು.

ಹೋದ ವರ್ಷ ಹಬ್ಬದ ಹಿಂದಿನ ವಾರ ರೂಮಿನಲ್ಲಿ ಚಾದರ ಹೊದ್ದು ಕೂತು, "ಈ ಥಂಡಿ ಯಾವಾಗ ಹೋಗತೈತೋ" ಅಂದೆ. ನನ್ನ ರೂಮ್‌ಮೇಟ್ ನವಲಗುಂದ ತಾಲೂಕಿನ ಹಳ್ಳಿಯವ. "ಹೋಗೂದ ಬ್ಯಾಡೋ, ಇನ್ನೊಂದ ಹದಿನೈದ ದಿನ ಇರ್ಲಿ. ಕಡ್ಲಿ ಕಾಯಿ ಕಟ್ಟಾಕತ್ತಾವು" ಅಂದ. ನಾನು ನಕ್ಕು ಬಿಟ್ಟೆ.

ಎರಡು ದಿನಕ್ಕೆ ಮೋಡ ಮುಸುಕಿತು, ರಾತ್ರಿ ಬೆಚ್ಚಗಾಯಿತು. "ಅಂತೂ ಥಂಡಿ ಹೋತು!" ಅಂತ ಗ್ರೂಪಿನಲ್ಲಿ ಹಾಕಿದೆ. ಎಲ್ಲರೂ ಲೈಕ್ ಒತ್ತಿದರು, ಅವನೊಬ್ಬ ಒತ್ತಲಿಲ್ಲ. ಆಮೇಲೆ ಗೊತ್ತಾಯಿತು, ಅವರಪ್ಪ ಆ ವಾರದಲ್ಲೇ ಎರಡು ಸಲ ಎಣ್ಣಿ ಹೊಡೆಸಿದ್ದರು. ಮುಂದಿನ ಸೆಮಿಸ್ಟರ್ ಫೀ ಆ ಕಡ್ಲಿಯ ಮೇಲೇ ನಿಂತಿತ್ತು.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳಲ್ಲಿ ಹಿಂಗಾರಿ ಕಡ್ಲಿ, ಬಿಳಿಜೋಳ ಬಿತ್ತಿದ ಮೇಲೆ ಮಳೆ ಹೆಚ್ಚುಕಮ್ಮಿ ಮುಗಿದಂಗೇ. ಮಣ್ಣು ಹಿಡಿದಿಟ್ಟ ಹಸಿ, ಇಬ್ಬನಿ, ಥಂಡಿ, ಇಷ್ಟರಲ್ಲೇ ಪೀಕು ಬರಬೇಕು. ಆಕಾಶ ನಿಚ್ಚಳ ಇದ್ದರೆ ನೆಲದ ಶಾಖ ರಾತ್ರಿ ಮೇಲಕ್ಕೆ ಹೋಗಿ ಥಂಡಿ ಬೀಳುತ್ತೆ. ಮೋಡ ಬಂದರೆ ಅದೇ ಕಂಬಳಿ. ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ರೇಡಿಯೇಷನ್ ಅಂತ ಬರೆದು ಮಾರ್ಕ್ಸ್ ತಗೊಂಡವರು ನಾವು. ಆ ಕಂಬಳಿಯ ಕೆಳಗೆ ಕಾಯಿಕೊರಕ ಹುಳ ಹೆಚ್ಚಾಗುತ್ತೆ ಅನ್ನೋದು ನಮ್ಮ ಸಿಲೆಬಸ್‌ನಲ್ಲಿ ಇರಲಿಲ್ಲ. ಅದೇ ಜಿಲ್ಲೆಯ ಕಲಘಟಗಿ ಕಡೆ ಹೋದರೆ ಅರೆಮಲೆನಾಡು. ಮಳೆಗಾಲದ ಭತ್ತ ಆಗಲೇ ಮನೆ ಸೇರಿರುತ್ತೆ, ಅಲ್ಲಿಯ ಚಿಂತೆ ಬೇರೆ. ಅದಕ್ಕೇ ಕೇಳಬೇಕು, ಊಹೆ ಮಾಡಬಾರದು.

ಹಂಗಂತ ಗೊಣಗಲೇಬಾರದು ಅಂತಲ್ಲ. ಊರಲ್ಲಿ ಅಜ್ಜಿಯೂ "ಮಣಕಾಲ ಹಿಡದಾವು" ಅಂತ ಗೊಣಗ್ತಾಳೆ. ಆದರೆ ಥಂಡಿ ಇದ್ದಾಗಲೇ ಬೆಳಗಿನ ಜಾವ ಒಲೆ ಮುಂದೆ ಕೂತು, ಎಳ್ಳಿಗೆ ಸಕ್ಕರೆ ಪಾಕ ಇಷ್ಟಿಷ್ಟೇ ಬಿಡ್ತಾ ಕೈಯಾಡಿಸ್ತಾಳೆ. ಕುಸುರೆಳ್ಳಿಗೆ ಮುಳ್ಳು ಏಳೋದೇ ಥಂಡಿಗೆ. ಸಂಜೆ ಅದನ್ನು ಹಿಡಿದು ಮನೆಮನೆಗೆ ಹೋಗಿ ಕೊಡುವಾಗ, "ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲದಂಗ ಇರೋಣು" ಅಂದು ಸುಮ್ಮನೆ ವಾಪಸ್ ಬರೋಕೆ ಆಗಲ್ಲ. "ಯಾವಾಗ ಬಂದಿ? ಆರಾಮದಿ? ಈ ಸಲ ಥಂಡಿ ಭಾಳ ಐತಲ್ಲ, ಜ್ವಾಳ ಹೆಂಗದಾವು?" ಇಷ್ಟಾದ ಮೇಲೇ ಹಬ್ಬ ಮುಗಿಯೋದು. ಫಾರ್ವರ್ಡ್ ಮೆಸೇಜಿನಲ್ಲಿ ಬಿಟ್ಟುಹೋಗಿರೋದು ಈ ಕೊನೇ ಪ್ರಶ್ನೆ.

ಈ ಸಲ ನೂರು ಜನಕ್ಕೆ ಚಿತ್ರ ಕಳಿಸೋ ಬದಲು ಒಬ್ಬ ದೋಸ್ತನಿಗೆ ಫೋನ್ ಹಚ್ಚಿ ನೋಡ್ರಿ. ನಾನು ಮೊನ್ನೆ ಹಚ್ಚಿದೆ. "ಥಂಡಿ ಹೆಂಗೈತಿ?" ಅಂದೆ.

"ಛಲೋ ಬಿದ್ದೈತಿ. ಸುಲಗಾಯಿ ತರ್ತೀನಿ, ಎಲ್ಲೂ ಹೋಗಬ್ಯಾಡ" ಅಂದ.