ನಡುರಾತ್ರಿ ಗಡಿ ದಾಟುವ ಲೆಕ್ಕ

ಹುಲಿ, ಮೇಕೆ, ಹುಲ್ಲಿನ ಹೊರೆಯ ಒಗಟು ಗೊತ್ತಿಲ್ಲದ ಅಜ್ಜ ಅಜ್ಜಿಯರು ಕಡಿಮೆ. ದೋಣಿ ಒಂದೇ. ಅಂಬಿಗನ ಜೊತೆ ಒಂದು ಸಲಕ್ಕೆ ಒಂದೇ ಹಿಡಿಸುತ್ತದೆ. ಹುಲಿ ಮೇಕೆಯನ್ನು ತಿನ್ನಬಾರದು, ಮೇಕೆ ಹುಲ್ಲನ್ನು ತಿನ್ನಬಾರದು. ಈ ಒಗಟಿನಲ್ಲಿ ದೋಣಿ ಮರದ್ದೋ ತಗಡಿನದ್ದೋ ಎಂದು ಯಾರೂ ಕೇಳುವುದಿಲ್ಲ. ಯಾವ ದಡದಲ್ಲಿ ಯಾರು ಉಳಿಯುತ್ತಾರೆ ಎಂದು ಲೆಕ್ಕ ಹಾಕಿದವರು ಗೆಲ್ಲುತ್ತಾರೆ.

ಈ ವಾರ ಅದೇ ಜಾತಿಯ ಒಂದು ಲೆಕ್ಕ ತಂದಿದ್ದೇನೆ. ನದಿಯ ಬದಲು ಇಲ್ಲಿ ಎರಡು ದೇಶಗಳ ಗಡಿ ಇದೆ. ದೋಣಿಯ ಬದಲು ಟ್ರಾಲಿ, ಕಾರು, ಟ್ಯಾಕ್ಸಿ ಇವೆ. ಹೊತ್ತು ಮಾತ್ರ ನಡುರಾತ್ರಿ.

ಹೀಗೆಂದುಕೊಳ್ಳಿ ಮಕ್ಕಳೇ. ಅಮೆರಿಕದ ಸ್ಯಾನ್ ಡಿಯಾಗೊ ಊರಿನಲ್ಲಿ ಮಗಳ ಮನೆ. ಅಲ್ಲಿಗೆ ಮೈಸೂರಿನಿಂದ ಅಜ್ಜ ಅಜ್ಜಿ ಹೋಗಿದ್ದಾರೆ. ಹತ್ತು ವರ್ಷದ ಮೊಮ್ಮಗಳಿಗೆ ಮೆಕ್ಸಿಕೊದ ಪಿರಮಿಡ್ಡುಗಳನ್ನು ನೋಡುವ ಆಸೆ. ಗಡಿಯ ಆಚೆ ತಿಹುವಾನಾ ಎಂಬ ದೊಡ್ಡ ಊರಿದೆ. ಭೂಪಟದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಓದಿ ‘ಟಿಜುವಾನಾ’ ಎಂದುಬಿಡಬೇಡಿ. ಸ್ಪ್ಯಾನಿಷ್ ಭಾಷೆಯಲ್ಲಿ ‘ಜೆ’ ಅಕ್ಷರವನ್ನು ‘ಹ’ ಎಂದು ಉಚ್ಚರಿಸುತ್ತಾರೆ. ಅಲ್ಲಿಂದ ಮೆಕ್ಸಿಕೊ ಸಿಟಿಗೆ ಹೋಗುವ ವಿಮಾನ ಆ ದೇಶದ ಒಳಗಿನ ಪ್ರಯಾಣವಾದ್ದರಿಂದ ಟಿಕೆಟ್ಟು ಎಷ್ಟೋ ಸಲ ಅಗ್ಗವಾಗಿ ಸಿಗುತ್ತದೆ. ಅಗ್ಗದ ವಿಮಾನಗಳು ಅಪರಾತ್ರಿಯಲ್ಲಿ ಹೊರಡುವುದೂ ಉಂಟು. ನಮ್ಮ ಲೆಕ್ಕದ ಅಜ್ಜ, ಅಜ್ಜಿ, ಮೊಮ್ಮಗಳಿಗೆ ಸಿಕ್ಕ ಟಿಕೆಟ್ಟಿನ ಮೇಲೆ ಹೀಗಿದೆ: ಜೂನ್ 15, 02:40.

ಮಗಳಿಗೂ ಅಳಿಯನಿಗೂ ರಜೆ ಇಲ್ಲ. ಮೂವರೂ ಯಾವ ದಾರಿಯಲ್ಲಿ ಗಡಿ ದಾಟಬೇಕು?

ಮೊದಲು ಗಡಿಯಾರ, ಆಮೇಲೆ ಗಾಡಿ

ಯಾವ ದಿನ ಮನೆ ಬಿಡಬೇಕು? ಜೂನ್ 15 ಎಂದು ಹೇಳಿದವರು ವಿಮಾನ ಹೋದ ಮೇಲೆ ನಿಲ್ದಾಣಕ್ಕೆ ಬರುತ್ತಾರೆ! 02:40 ಎಂದರೆ ಬೆಳಗಿನ ಜಾವದ ಎರಡು ನಲವತ್ತು. ಆದ್ದರಿಂದ ಜೂನ್ 14ರ ರಾತ್ರಿ ಊಟ ಮುಗಿಸಿ ಹತ್ತೂವರೆ, ಹನ್ನೊಂದಕ್ಕೆ ಮನೆ ಬಿಡಬೇಕು. ನಮ್ಮ ಪಂಚಾಂಗದ ಲೆಕ್ಕದಲ್ಲಿ ಸೂರ್ಯ ಹುಟ್ಟುವವರೆಗೂ ಹಿಂದಿನ ವಾರವೇ ನಡೆಯುತ್ತದೆ. ವಿಮಾನದವರ ದಿನ ಮಧ್ಯರಾತ್ರಿ ಹನ್ನೆರಡಕ್ಕೇ ಬದಲಾಗುತ್ತದೆ. ಅಜ್ಜನ ಲೆಕ್ಕವೂ ಸರಿ, ಟಿಕೆಟ್ಟಿನ ಲೆಕ್ಕವೂ ಸರಿ. ಆದರೆ ವಿಮಾನ ಟಿಕೆಟ್ಟಿನ ಮಾತನ್ನು ಕೇಳುತ್ತದೆ.

ಒಂದು ಅನುಕೂಲವಿದೆ. ಸ್ಯಾನ್ ಡಿಯಾಗೊ ಮತ್ತು ತಿಹುವಾನಾದ ಗಡಿಯಾರಗಳು ವರ್ಷವಿಡೀ ಒಂದೇ ಹೊತ್ತು ತೋರಿಸುತ್ತವೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿಯನ್ನು ಮೆಕ್ಸಿಕೊ 2022ರಲ್ಲಿ ಬಹುಪಾಲು ಕೈಬಿಟ್ಟಿತು. ತಿಹುವಾನಾದಂಥ ಗಡಿಯ ಊರುಗಳು ಮಾತ್ರ ಅದನ್ನು ಉಳಿಸಿಕೊಂಡಿವೆ. ದಿನವೂ ಸಾವಿರಾರು ಜನ ಕೆಲಸಕ್ಕೆ, ಶಾಲೆಗೆ ಗಡಿ ದಾಟುವ ಕಡೆ ಎರಡು ಹೊತ್ತು ಇಟ್ಟುಕೊಂಡರೆ ಪಾಡೇನು, ಹೇಳಿ!

ಮೊದಲ ದಾರಿ: ಕೆಂಪು ಟ್ರಾಲಿ

ಸ್ಯಾನ್ ಡಿಯಾಗೊದಲ್ಲಿ ಟ್ರಾಲಿ ಎಂದರೆ ನಗರದ ಒಳಗೆ ಓಡುವ ಕೆಂಪು ಬಣ್ಣದ ವಿದ್ಯುತ್ ರೈಲು. 1981ರಲ್ಲಿ ಶುರುವಾದಾಗ ಅದರ ಮೊದಲ ದಾರಿಯೇ ಊರ ನಡುವಿನಿಂದ ಗಡಿಯ ಸ್ಯಾನ್ ಇಸೀಡ್ರೊವರೆಗೆ ಇತ್ತು. ಈಗ ಅದಕ್ಕೆ ಬ್ಲೂ ಲೈನ್ ಎಂದು ಹೆಸರು. ಊರ ನಡುವಿನಿಂದ ಗಡಿಗೆ ಮುಕ್ಕಾಲು ಗಂಟೆಯ ಹಾದಿ. ಟಿಕೆಟ್ಟಿನ ದರವೂ ಕಡಿಮೆ. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಗಡಿಯ ಬಾಗಿಲು. ಸ್ಯಾನ್ ಇಸೀಡ್ರೊ ಬಾಗಿಲು ಹಗಲು ರಾತ್ರಿ ತೆರೆದಿರುತ್ತದೆ. ರಾತ್ರಿ ಹೊತ್ತು ಆಚೆಗೆ ಹೋಗುವ ಸಾಲು ಸಾಮಾನ್ಯವಾಗಿ ಚಿಕ್ಕದು.

ಇಷ್ಟು ಕೇಳಿ ‘ಇದೇ ಸರಿ’ ಎನ್ನುವ ಮೊದಲು ಅಂಬಿಗನ ಹಾಗೆ ಎರಡೂ ದಡಗಳನ್ನು ನೋಡಿ. ಈ ದಡದಲ್ಲಿ ಟ್ರಾಲಿ ಮಧ್ಯರಾತ್ರಿ ಕಳೆದ ಮೇಲೆ ನಿಂತುಹೋಗುತ್ತದೆ, ಮತ್ತೆ ಹೊರಡುವುದು ಬೆಳಗಿನ ಜಾವಕ್ಕೆ. ಒಂದು ಕಾಗದ ಕಡಿಮೆಯಾಗಿ ಒಂದು ಗಂಟೆ ರಾತ್ರಿಯಲ್ಲಿ ಗಡಿಯಿಂದ ವಾಪಸು ಬರಬೇಕಾದರೆ ಮನೆಗೆ ಹೋಗಲು ರೈಲಿಲ್ಲ. ಆ ದಡದಲ್ಲಿ ವಿಮಾನ ನಿಲ್ದಾಣ ಇನ್ನೂ ಕೆಲವು ಕಿಲೋಮೀಟರು ದೂರ. ಪೆಟ್ಟಿಗೆ ಎಳೆದುಕೊಂಡು ಇಳಿಜಾರು, ಓಣಿ, ತಿರುವುಗಳನ್ನು ದಾಟಿ ಹೊರಗೆ ಬಂದು, ಅಪರಿಚಿತ ಊರಿನಲ್ಲಿ ಟ್ಯಾಕ್ಸಿ ಹುಡುಕಬೇಕು. ಅಜ್ಜಿಗೆ ಮಂಡಿನೋವು, ಮಗುವಿಗೆ ತೂಕಡಿಕೆ. ಹಗಲಿನಲ್ಲಾದರೆ ನಾನು ಟ್ರಾಲಿಗೇ ಮತ ಹಾಕುತ್ತಿದ್ದೆ. ಈ ಹೊತ್ತಿಗೆ ಬೇಡ.

ಎರಡನೆಯ ದಾರಿ: ಕಾರು

ಅಳಿಯನ ಕಾರಿನಲ್ಲಿ ಅಜ್ಜನೇ ಓಡಿಸಿಕೊಂಡು ಹೋದರೆ? ಐದನೆಯ ನಂಬರಿನ ಹೆದ್ದಾರಿ ಕೆನಡಾ ಗಡಿಯಿಂದ ಸುಮಾರು 2,220 ಕಿಲೋಮೀಟರು ಬಂದು ಮುಗಿಯುವುದು ಸ್ಯಾನ್ ಇಸೀಡ್ರೊದಲ್ಲೇ. ಮುಗಿಯುವ ಮುನ್ನ ಒಂದು ಫಲಕವಿದೆ: ‘ಅಮೆರಿಕದ ಕೊನೆಯ ತಿರುವು’. ಅದನ್ನು ಬಿಟ್ಟಿರೋ, ಹಿಂದಕ್ಕೆ ತಿರುಗಲು ಜಾಗವಿಲ್ಲ. ಕಾರು ಮೆಕ್ಸಿಕೊ ಸೇರಿಯೇ ಸೇರುತ್ತದೆ. ಆಚೆ ಸುಂಕದವರ ಕಟ್ಟೆಯಲ್ಲಿ ದೀಪ ಹತ್ತುತ್ತದೆ. ಹಸಿರು ಬಂದರೆ ಮುಂದೆ ಹೋಗಬಹುದು. ಕೆಂಪು ಬಂದರೆ ಪಕ್ಕಕ್ಕೆ ನಿಲ್ಲಿಸಿ ಸಾಮಾನು ತೋರಿಸಬೇಕು.

ದಾಟುವುದು ಸುಲಭವೇ. ಆದರೆ ಅಮೆರಿಕದ ಕಾರು ವಿಮೆಗೆ ಮೆಕ್ಸಿಕೊದಲ್ಲಿ ಕಾನೂನಿನ ಬೆಲೆ ಇಲ್ಲ. ಅಲ್ಲಿನ ವಿಮೆಯನ್ನು ಬೇರೆಯಾಗಿ ಮಾಡಿಸಬೇಕು. ಬಾಡಿಗೆ ಕಾರಾದರೆ ಗಡಿಯಾಚೆ ಒಯ್ಯಲು ಎಷ್ಟೋ ಕಂಪನಿಗಳು ಒಪ್ಪುವುದೇ ಇಲ್ಲ. ವಿಮೆ ಇಲ್ಲದೆ ಒಂದು ಸಣ್ಣ ಡಿಕ್ಕಿಯಾದರೂ ರಾತ್ರಿಯೆಲ್ಲ ಪೊಲೀಸ್ ಠಾಣೆಯಲ್ಲಿ ಕಳೆಯಬೇಕಾದೀತು. ಇನ್ನೊಂದು ತೊಡಕು: ಕಾರಿನವರನ್ನು ಎಷ್ಟೋ ಸಲ ಪಾಸ್‌ಪೋರ್ಟ್ ಕೇಳದೆಯೇ ಕೈಬೀಸಿ ಕಳಿಸಿಬಿಡುತ್ತಾರೆ. ಖುಷಿಪಡಬೇಡಿ. ಪ್ರವೇಶದ ಕಾಗದ ಪಡೆಯುವುದು ಪ್ರಯಾಣಿಕರದೇ ಹೊಣೆ. ಕಾರು ನಿಲ್ಲಿಸಿ, ವಲಸೆ ಕಚೇರಿ ಹುಡುಕಿ, ಮುದ್ರೆ ಹಾಕಿಸಿಕೊಳ್ಳಬೇಕು.

ಮೂರನೆಯ ದಾರಿ: ನೇರಳೆ ಸೇತುವೆ

ತಿಹುವಾನಾ ವಿಮಾನ ನಿಲ್ದಾಣ ಗಡಿಬೇಲಿಗೆ ಅಂಟಿಕೊಂಡಂತೆ ಇದೆ. ಆದ್ದರಿಂದ 2015ರ ಡಿಸೆಂಬರಿನಲ್ಲಿ ಒಂದು ಜಾಣ ಕೆಲಸ ನಡೆಯಿತು. ಬೇಲಿಯ ಈಚೆ, ಸ್ಯಾನ್ ಡಿಯಾಗೊದ ಓಟೈ ಮೇಸಾದಲ್ಲಿ ಒಂದು ಕಟ್ಟಡ ಕಟ್ಟಿ, ಅಲ್ಲಿಂದ ಗಡಿಯ ಮೇಲೆಯೇ ಹಾಯ್ದು ನೇರ ವಿಮಾನ ನಿಲ್ದಾಣದ ಒಳಗೆ ಇಳಿಯುವ ಕಾಲುಸೇತುವೆ ತೆರೆದರು. ಕ್ರಾಸ್ ಬಾರ್ಡರ್ ಎಕ್ಸ್‌ಪ್ರೆಸ್ ಎಂದು ಅದರ ಹೆಸರು. ಎಲ್ಲರೂ ಕರೆಯುವುದು ಸಿಬಿಎಕ್ಸ್ ಎಂದು. ನೇರಳೆ ಬಣ್ಣ, ಮೇಲೆ ಸೂರು, ಉದ್ದ ಸುಮಾರು 120 ಮೀಟರು. ನಿಮ್ಮ ಶಾಲೆಯ ಮೈದಾನದಲ್ಲಿ ನೂರು ಮೀಟರು ಓಡಿ ಇನ್ನೊಂದಿಷ್ಟು ಹೆಜ್ಜೆ ಹಾಕಿದರೆ ಎಷ್ಟೋ ಅಷ್ಟೇ. ಅಷ್ಟರಲ್ಲಿ ದೇಶ ಬದಲಾಗುತ್ತದೆ!

ಇದು ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ. ತಿಹುವಾನಾದಿಂದ ಹೊರಡುವ ವಿಮಾನದ ಟಿಕೆಟ್ಟು ಇದ್ದವರಿಗೆ ಮಾತ್ರ ಪ್ರವೇಶ, ಅದಕ್ಕೆ ಸೇತುವೆಯ ಟಿಕೆಟ್ಟೂ ಬೇಕು. ಟ್ರಾಲಿಗಿಂತ ದುಬಾರಿ ಎನ್ನುವುದು ನಿಜ. ಆದರೆ ದಡಗಳನ್ನು ನೋಡಿ. ಈ ದಡದಲ್ಲಿ ಬಾಗಿಲವರೆಗೂ ಅಳಿಯನೇ ಕಾರಿನಲ್ಲಿ ಬಿಟ್ಟುಬರಬಹುದು. ಕಾಗದದಲ್ಲಿ ಏನಾದರೂ ಎಡವಟ್ಟಾದರೆ ಅವನಿನ್ನೂ ಹತ್ತಿರದಲ್ಲೇ ಇರುತ್ತಾನೆ. ಆ ದಡದಲ್ಲಿ ಕಾಲಿಡುವುದೇ ವಿಮಾನ ನಿಲ್ದಾಣದೊಳಗೆ. ನಡುವೆ ರಸ್ತೆಯಿಲ್ಲ, ಟ್ಯಾಕ್ಸಿಯ ಚೌಕಾಸಿಯಿಲ್ಲ. ಅಜ್ಜ, ಅಜ್ಜಿ, ಮೊಮ್ಮಗಳಿಗೆ ನನ್ನ ಉತ್ತರ ಈ ಸೇತುವೆ.

ವಿಮಾನ ಹತ್ತುವವರಲ್ಲದಿದ್ದರೆ?

ಉತ್ತರ ಬದಲಾಗುತ್ತದೆ. ತಿಹುವಾನಾ ಊರಿನಲ್ಲೇ ಗೆಳೆಯರ ಮನೆಯೋ ಹೋಟೆಲ್ಲೋ ಇದ್ದರೆ, ಸ್ಯಾನ್ ಇಸೀಡ್ರೊವರೆಗೆ ಕಾರಿನಲ್ಲಿ ಬಂದು, ನಡೆದು ದಾಟಿ, ಆಚೆ ಕರೆದೊಯ್ಯುವವರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಯಾರೂ ಬರುವಂತಿಲ್ಲದಿದ್ದರೆ ಮೊಬೈಲ್‌ನಲ್ಲಿ ಕರೆಸುವ ಟ್ಯಾಕ್ಸಿ ಅಲ್ಲಿಯೂ ಇದೆ. ಆದರೆ ಗಡಿ ದಾಟಿದ ಮೇಲೆ ಫೋನಿನಲ್ಲಿ ಇಂಟರ್ನೆಟ್ ಬರುತ್ತದೆಯೇ ಎಂದು ಮನೆಯಲ್ಲೇ ವಿಚಾರಿಸಿಕೊಳ್ಳಿ. ಬೀದಿಯ ಟ್ಯಾಕ್ಸಿಗಳಲ್ಲಿ ‘ಟ್ಯಾಕ್ಸಿ ಲಿಬ್ರೆ’ ಎಂದು ಬರೆದವುಗಳಿಗೆ ಮೀಟರು ಉಂಟು. ಗಡಿಯ ಬಳಿ ನಿಲ್ಲುವ ಹಳದಿ ಟ್ಯಾಕ್ಸಿಗಳಲ್ಲಿ ಹತ್ತುವ ಮೊದಲೇ ದರ ಮಾತಾಡಬೇಕು. ನಮ್ಮೂರಿನ ಆಟೊ ಏರಿ ಪಳಗಿದ ಅಜ್ಜಿಯರಿಗೆ ಈ ಪಾಠ ಬೇಕಿಲ್ಲ.

ಎನ್ಸೆನಾಡದಂಥ ನೂರು ಕಿಲೋಮೀಟರು ಆಚೆಯ ಊರಿಗಾದರೆ ರಾತ್ರಿ ಹೊರಡಲೇ ಬೇಡಿ. ಮೆಕ್ಸಿಕೊದ ಹೆದ್ದಾರಿಗಳಲ್ಲಿ ಕೆಟ್ಟು ನಿಂತ ವಾಹನಗಳಿಗೆ ನೆರವಾಗಲು ಅಲ್ಲಿನ ಸರ್ಕಾರ ಹಸಿರು ಬಣ್ಣದ ಗಾಡಿಗಳನ್ನು ಓಡಿಸುತ್ತದೆ. ‘ಹಸಿರು ದೇವದೂತರು’ ಎಂದೇ ಅವರ ಹೆಸರು, 078ಕ್ಕೆ ಫೋನು ಮಾಡಿದರೆ ಸಿಗುತ್ತಾರೆ. ಆದರೆ ಅವರು ಗಸ್ತು ತಿರುಗುವುದು ಮುಖ್ಯವಾಗಿ ಹಗಲು ಹೊತ್ತು. ದೇವದೂತರೇ ಮನೆ ಸೇರುವ ಹೊತ್ತಿನಲ್ಲಿ ನಾವು ರಸ್ತೆಯಲ್ಲಿರುವುದೇಕೆ? ಸ್ಯಾನ್ ಡಿಯಾಗೊದಲ್ಲೇ ಮಲಗಿ, ಬೆಳಗಿನ ತಿಂಡಿ ತಿಂದು ಹೊರಡಿ.

ಕೈಚೀಲದಲ್ಲಿ ಏನೇನು?

ಭಾರತದ ಪಾಸ್‌ಪೋರ್ಟ್ ಇರುವ ಅಜ್ಜ ಅಜ್ಜಿಯರಲ್ಲಿ ಅವಧಿ ಮುಗಿಯದ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಿಲ್ಲ. ಆದರೆ ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುವಂಥದ್ದೇ ಎಂದು ಓದಿ ನೋಡಿ. ಇಲ್ಲದಿದ್ದರೆ ಹೋಗುವುದು ಸುಲಭ, ಮರಳಿ ಬರುವುದು ಕಷ್ಟ. ಪಾಸ್‌ಪೋರ್ಟು ಪೆಟ್ಟಿಗೆಯ ತಳದಲ್ಲಿರದೆ ಕೈಚೀಲದಲ್ಲಿರಲಿ.

ಮಗುವಿನ ಪಾಸ್‌ಪೋರ್ಟಿನ ಜೊತೆ ಇನ್ನೊಂದು ಕಾಗದ ಮುಖ್ಯ. ‘ನಮ್ಮ ಮಗಳು ಅಜ್ಜ ಅಜ್ಜಿಯ ಜೊತೆ ಇಂಥ ದಿನದಿಂದ ಇಂಥ ದಿನದವರೆಗೆ ಮೆಕ್ಸಿಕೊಗೆ ಹೋಗಿಬರಲು ನಮ್ಮ ಒಪ್ಪಿಗೆ ಇದೆ’ ಎಂದು ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಪತ್ರ. ನೋಟರಿಯ ಮುದ್ರೆ ಇದ್ದರೆ ಇನ್ನೂ ಒಳ್ಳೆಯದು. ಅಧಿಕಾರಿ ಕೇಳಿದರೆ ಬೇಸರಪಡಬೇಡಿ. ಮಕ್ಕಳನ್ನು ಕದ್ದೊಯ್ಯುವವರನ್ನು ಹಿಡಿಯಬೇಕಾದ ಅವರಿಗೆ ನಡುರಾತ್ರಿ ಗಡಿ ದಾಟುವ ಪ್ರತಿ ಮಗುವೂ ಒಂದು ಪ್ರಶ್ನೆ. ಆ ಪತ್ರವೇ ಉತ್ತರ.

ಮರಳಿ ಬರುವ ಲೆಕ್ಕವನ್ನೂ ಇಂದೇ ಹಾಕಿಡಿ. ಅಮೆರಿಕದ ಕಡೆಗೆ ಬರುವ ಸಾಲು ಸ್ಯಾನ್ ಇಸೀಡ್ರೊದಲ್ಲಿ ಗಂಟೆಗಟ್ಟಲೆ ಹಿಡಿಯಬಹುದು. ವಿಮಾನ ಇಳಿದವರು ಅದೇ ನೇರಳೆ ಸೇತುವೆಯ ಮೇಲೆ ವಾಪಸು ಬರಬಹುದು. ಬರುವಾಗಿನ ಟಿಕೆಟ್ಟನ್ನೂ ಹೋಗುವಾಗಲೇ ಕೊಂಡಿಟ್ಟುಕೊಳ್ಳಿ. ಹುಲಿ, ಮೇಕೆಯ ಒಗಟಿನಲ್ಲಿ ಅಂಬಿಗ ಹೋದರೆ ಸಾಲದು, ತಿರುಗಿಯೂ ಬರಬೇಕಾಗುತ್ತದೆ, ನೆನಪಿದೆಯಲ್ಲ?

ಈ ವಾರದ ಪ್ರಶ್ನೆಗಳು

ಒಂದು, ಮಕ್ಕಳಿಗೆ: ತಿಹುವಾನಾದಿಂದ 02:40ಕ್ಕೆ ಹೊರಟ ವಿಮಾನ ಮೂರೂವರೆ ಗಂಟೆ ಹಾರಿ ಮೆಕ್ಸಿಕೊ ಸಿಟಿಗೆ ಇಳಿಯುತ್ತದೆ. ಜೂನ್ ತಿಂಗಳಲ್ಲಿ ಮೆಕ್ಸಿಕೊ ಸಿಟಿಯ ಗಡಿಯಾರ ತಿಹುವಾನಾಕ್ಕಿಂತ ಒಂದು ಗಂಟೆ ಮುಂದೆ, ಜನವರಿಯಲ್ಲಿ ಎರಡು ಗಂಟೆ ಮುಂದೆ. ಎರಡೂ ತಿಂಗಳಲ್ಲಿ ಇಳಿದಾಗ ಅಲ್ಲಿ ಎಷ್ಟು ಗಂಟೆ?

ಎರಡು, ಅಜ್ಜ ಅಜ್ಜಿಯರಿಗೆ: ಬೆಂಗಳೂರಿನ ಗಡಿಯಾರ ಮೆಕ್ಸಿಕೊ ಸಿಟಿಗಿಂತ ಹನ್ನೊಂದೂವರೆ ಗಂಟೆ ಮುಂದಿದೆ. ಜೂನ್‌ನಲ್ಲಿ ಇಳಿದ ಕೂಡಲೇ ಮೊಮ್ಮಗಳು ‘ಸುಖವಾಗಿ ಸೇರಿದೆವು’ ಎಂದು ಊರಿಗೆ ಫೋನು ಮಾಡಿದರೆ ಇಲ್ಲಿ ಯಾವ ಹೊತ್ತು? ದೇವರಿಗೆ ದೀಪ ಹಚ್ಚುವ ಹೊತ್ತೋ, ಕಾಫಿ ಡಿಕಾಕ್ಷನ್ ಇಳಿಸುವ ಹೊತ್ತೋ?

ಇಬ್ಬರೂ ಕೂತು ಲೆಕ್ಕ ಹಾಕಿ. ಉತ್ತರ ಮುಂದಿನ ವಾರ.