ಅಜ್ಜನಿಗೆ ಮಾತ್ರ ಬೇರೆ ಲೋಟ ಯಾಕೆ?

ಮಲಯ್ ಭಾಷೆಯಲ್ಲಿ ಸಕ್ಕರೆ ಕಾಯಿಲೆಗೆ ‘ಕೆಂಚಿಂಗ್ ಮಾನಿಸ್’ ಎನ್ನುತ್ತಾರೆ. ಅಕ್ಷರಶಃ ಸಿಹಿಮೂತ್ರ. ನಮ್ಮ ಹಿರಿಯರೂ ಹೀಗೇ ಹೇಳುತ್ತಿದ್ದರು. ಈಗ ಎಲ್ಲರ ಬಾಯಲ್ಲೂ ‘ಶುಗರ್’. ಮಲೇಷ್ಯಾದಲ್ಲಿ ಈ ಪದ ಕೇಳದ ಮಲಯ್ ಮನೆ ಸಿಗುವುದು ಕಷ್ಟ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ 2019ರಲ್ಲಿ ವಯಸ್ಕರ ಪೈಕಿ ಶೇ. 18.3 ಮಂದಿಗೆ ಮಧುಮೇಹವಿತ್ತು. 2023ರಲ್ಲಿ ಅದು ಶೇ. 15.6. ಇಳಿದಿದೆಯಲ್ಲ ಎಂದು ಸಮಾಧಾನಪಡಬಹುದು. ಆದರೆ ಆರು ವಯಸ್ಕರಲ್ಲಿ ಒಬ್ಬರು ಅಂದರೆ, ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಜೊತೆಯಾಗಿ ಇಫ್ತಾರ್‌ಗೆ ಕೂರುವ ಮನೆಯಲ್ಲಿ ಹೆಚ್ಚುಕಡಿಮೆ ಒಬ್ಬರು ಇದ್ದೇ ಇರುತ್ತಾರೆ ಎಂದಾಯಿತು.

ಆ ದೂರದ ದೇಶದ ಮನೆಯ ವಿಷಯ ನಮಗೇಕೆ ಎಂದು ನೀವು ಕೇಳಬಹುದು. ರಮಝಾನನ್ನು ಮಲಯರಷ್ಟು ಸಂಭ್ರಮದಿಂದ, ಮನೆಮಂದಿಯೆಲ್ಲ ಕೂಡಿ ಆಚರಿಸುವ ಸಮಾಜ ಕಡಿಮೆ. ಆ ಸಂಭ್ರಮದಲ್ಲಿ ಒಳ್ಳೆಯದೂ ಇದೆ, ಆರೋಗ್ಯ ಕೆಡಿಸುವುದೂ ಇದೆ. ಎರಡೂ ನಮ್ಮ ಮನೆಗಳಲ್ಲಿ ಕಾಣುವಂಥದ್ದೇ. ಬೇರೆಯವರ ಮನೆಯ ಮೇಜು ನೋಡುವಾಗ ನಮಗೆ ಕೋಪ ಬರುವುದಿಲ್ಲ, ಅದೊಂದು ಅನುಕೂಲ.

ಮಲೇಷ್ಯಾ ಭೂಮಧ್ಯರೇಖೆಗೆ ಹತ್ತಿರದ ದೇಶ. ಆದ್ದರಿಂದ ರಮಝಾನ್ ಯಾವ ಋತುವಿನಲ್ಲಿ ಬಂದರೂ ಉಪವಾಸದ ಅವಧಿ ಅಷ್ಟೇನೂ ಬದಲಾಗದು. ಹದಿಮೂರೂವರೆ ಗಂಟೆಯ ಆಸುಪಾಸು. ಕೌಲಾಲಂಪುರದಲ್ಲಿ ಮಗ್ರಿಬ್ ಬಾಂಗ್ ಸಂಜೆ ಏಳು ಗಂಟೆ ದಾಟಿದ ಮೇಲೆ. ಆದರೆ ಇಫ್ತಾರ್‌ನ ಕಥೆ ಶುರುವಾಗುವುದು ಅಸರ್‌ಗೂ ಮುಂಚೆ, ‘ಬಜಾರ್ ರಮದಾನ್’ನಲ್ಲಿ. ಊರೂರಿನ ಬೀದಿಗಳಲ್ಲಿ ಸಾಲುಸಾಲು ಡೇರೆಗಳು ಏಳುತ್ತವೆ. ಕೆಂಡದ ಮೇಲೆ ತೆಂಗಿನಹಾಲಿನ ಮಸಾಲೆ ಸವರಿದ ಕೋಳಿ, ಮುರ್ತಬಾಕ್, ಬಾಳೆಎಲೆಯಲ್ಲಿ ಸುಟ್ಟ ಮೀನು, ಬಣ್ಣಬಣ್ಣದ ‘ಕುಯೆಹ್’ ಎಂಬ ಸಿಹಿತಿಂಡಿಗಳು. ಕೆಲಸ ಮುಗಿಸಿ ಮನೆಗೆ ಹೊರಟ ಅಪ್ಪ ಅಲ್ಲಿ ಇಳಿಯುತ್ತಾರೆ. ಹೊಟ್ಟೆ ಖಾಲಿ, ಗಂಟಲು ಒಣಗಿದೆ, ಮೂಗಿಗೆ ಹೊಗೆಯ ಪರಿಮಳ. ಇಂಥ ಹೊತ್ತಿಗೆಂದೇ ಮಲಯರಲ್ಲಿ ಒಂದು ಮಾತಿದೆ: ‘ಲಾಪಾರ್ ಮಾತಾ’, ಕಣ್ಣಿನ ಹಸಿವು. ಹೊಟ್ಟೆಗೆ ಬೇಕಾದದ್ದಕ್ಕಿಂತ ಕಣ್ಣಿಗೆ ಬೇಕಾದದ್ದು ಚೀಲ ತುಂಬುತ್ತದೆ. ನಮ್ಮ ಪೇಟೆಗಳಲ್ಲಿ ಸಮೋಸ, ಕಟ್ಲೆಟ್ ಗಾಡಿಗಳ ಮುಂದೆ ಸಂಜೆ ಐದೂವರೆಗೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ.

ತಿಂಡಿಗಳ ಬಗ್ಗೆ ನನ್ನ ತಕರಾರು ಅಷ್ಟಿಲ್ಲ. ತಕರಾರಿರುವುದು ಪಾನೀಯದ ಬಗ್ಗೆ. ಗುಲಾಬಿ ಶರಬತ್ತಿಗೆ ಗಟ್ಟಿ ಹಾಲು ಬೆರೆಸಿದ ‘ಸಿರಪ್ ಬಂದುಂಗ್’, ಕಬ್ಬಿನ ಹಾಲು, ಕಪ್ಪು ಜೆಲ್ಲಿ ಹಾಕಿದ ‘ಚಿಂಚಾವ್’, ಇವೆಲ್ಲ ಬಜಾರ್‌ನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಮೂಲೆಗೆ ದಾರ ಕಟ್ಟಿ ಕೊಡಲ್ಪಡುತ್ತವೆ. ಮನೆಯಲ್ಲಿ ಅದರ ಜೊತೆಗೆ ಇನ್ನೊಂದು ಜಗ್. ಸಿಹಿ ಪಾನೀಯಗಳ ಹಾವಳಿ ನೋಡಿಯೇ ಮಲೇಷ್ಯಾ ಸರಕಾರ 2019ರ ಜುಲೈ 1ರಿಂದ ಸಕ್ಕರೆ ಹೆಚ್ಚಿರುವ ಪಾನೀಯಗಳಿಗೆ ಲೀಟರಿಗೆ 40 ಸೆನ್ ತೆರಿಗೆ ಹಾಕಿತು. ಒಳ್ಳೆಯ ಹೆಜ್ಜೆಯೇ. ಆದರೆ ಆ ತೆರಿಗೆ ಕಾರ್ಖಾನೆಯಲ್ಲಿ ತಯಾರಾಗಿ ಬಾಟಲಿ, ಡಬ್ಬಿಗಳಲ್ಲಿ ಬರುವ ಪಾನೀಯಕ್ಕೆ. ಡೇರೆಯಲ್ಲಿ ಕಲಸಿದ ಚೀಲಕ್ಕೂ ಇಲ್ಲ, ಅಮ್ಮ ಅಡುಗೆಮನೆಯಲ್ಲಿ ಕಲಸಿದ ಜಗ್‌ಗೂ ಇಲ್ಲ. ಅಲ್ಲಿಗೆ ಯಾವ ಸರಕಾರವೂ ಬರಲಾರದು. ಅಲ್ಲಿ ಆಡಳಿತ ನಿಮ್ಮದೇ.

ಈಗ ಮೇಜಿನ ಹತ್ತಿರ ಬನ್ನಿ. ಖರ್ಜೂರ, ಕೆಂಪು ಜಗ್, ಅನ್ನ, ಮೀನಿನ ಸಾರು, ನಾಲ್ಕು ಬಗೆಯ ಕುಯೆಹ್. ಎಲ್ಲರ ಮುಂದೆಯೂ ಕೆಂಪು ಲೋಟ. ‘ಅತೊಕ್’, ಅಂದರೆ ಅಜ್ಜನ ಮುಂದೆ ಮಾತ್ರ ನೀರಿನ ಲೋಟ. ಸೊಸೆ ಕಾಳಜಿಯಿಂದಲೇ ಇಟ್ಟದ್ದು. ಆದರೆ ಹದಿಮೂರು ಗಂಟೆ ಹಸಿದ ಮುದುಕ, ಮೊಮ್ಮಕ್ಕಳೆಲ್ಲ ಹೀರುವುದನ್ನು ನೋಡುತ್ತಾ ಎಷ್ಟು ದಿನ ಆ ನೀರಿನ ಲೋಟಕ್ಕೆ ತೃಪ್ತಿಪಟ್ಟಾನು? ಎರಡನೇ ದಿನ ಒಂದು ಗುಟುಕು. ನಾಲ್ಕನೇ ದಿನ ಅರ್ಧ ಲೋಟ. ‘ಅನ್ನವನ್ನು ತಿರಸ್ಕರಿಸಬಾರದು’ ಎಂಬ ಮಾತು ಬೇರೆ ಸಹಾಯಕ್ಕೆ ಬರುತ್ತದೆ. ತಿಂಗಳ ಕೊನೆಗೆ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಏರಿರುತ್ತದೆ. ಆಗ ಎಲ್ಲರೂ ಅಜ್ಜನಿಗೆ ಬುದ್ಧಿ ಹೇಳುವವರೇ.

ನನ್ನ ಅಭಿಪ್ರಾಯ ಇಷ್ಟು. ಇಲ್ಲಿ ತಪ್ಪು ಅಜ್ಜನ ಮನೋಬಲದ್ದಲ್ಲ, ಜಗ್‌ನದು. ಒಬ್ಬರಿಗೆ ಪಥ್ಯ, ಉಳಿದವರಿಗೆ ಹಬ್ಬ ಎಂಬ ಮೇಜಿನಲ್ಲಿ ಪಥ್ಯ ನಿಲ್ಲುವುದಿಲ್ಲ. ಬದಲಿಸುವುದಾದರೆ ಇಡೀ ಮನೆಯ ಲೋಟ ಬದಲಿಸಿ. ಇದರಿಂದ ಮಕ್ಕಳಿಗೇನೂ ನಷ್ಟವಿಲ್ಲ. ವಯಸ್ಕರೊಬ್ಬರಿಗೆ ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಟೀ ಚಮಚಕ್ಕಿಂತ ಕಡಿಮೆ ಸಕ್ಕರೆ ಹಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಮನೆಯ ಶರಬತ್ತಿನ ಜಗ್‌ಗೆ ಎಷ್ಟು ಚಮಚ ಬೀಳುತ್ತದೆ ಎಂದು ಒಮ್ಮೆ ಎಣಿಸಿ, ಲೋಟಗಳಿಗೆ ಭಾಗಿಸಿ ನೋಡಿ. ಮಂದ ಹಾಲಿನ ಡಬ್ಬಿಯಲ್ಲಿ ಮೊದಲೇ ಇರುವ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಿಂಗಳಿಗೊಂದು ಸಲ ಬರುವ ಹಬ್ಬವಲ್ಲ ಇದು, ವರ್ಷಕ್ಕೊಂದು ತಿಂಗಳು ತಾನೇ, ಇರಲಿ ಬಿಡಿ ಎನ್ನುವವರಿದ್ದಾರೆ. ಆ ಒಂದು ತಿಂಗಳಲ್ಲಿ ಮೂವತ್ತು ಸಂಜೆಗಳಿವೆ. ಪ್ರತಿ ಸಂಜೆಯೂ ಖಾಲಿ ಹೊಟ್ಟೆಗೆ ಮೊದಲು ಬೀಳುವುದೇ ದ್ರವರೂಪದ ಸಕ್ಕರೆ. ಅದು ಬೇಗ ರಕ್ತಕ್ಕಿಳಿಯುತ್ತದೆ. ಪ್ರವಾದಿ(ಸ)ರು ಉಪವಾಸ ತೊರೆಯುತ್ತಿದ್ದುದು ಕೆಲವು ಖರ್ಜೂರಗಳಿಂದ, ಅದು ಇಲ್ಲದಿದ್ದರೆ ನೀರಿನಿಂದ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಆ ಸುನ್ನತ್ತನ್ನು ಪಾಲಿಸಿ, ಅದರ ಮೇಲೆ ಮೂರು ಲೋಟ ಶರಬತ್ತು ಸುರಿಯುವುದು ನಮ್ಮದೇ ಸೇರ್ಪಡೆ.

ಸಕ್ಕರೆ ಏರುವುದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಉಪವಾಸದಲ್ಲಿ ತಕ್ಷಣದ ಅಪಾಯ ಇರುವುದು ಅದು ಇಳಿಯುವುದರಲ್ಲಿ. ಮಧ್ಯಾಹ್ನದ ನಂತರ ಅಜ್ಜ ಚಾಪೆಯ ಮೇಲೆ ಮಲಗಿದ್ದಾರೆ. ಉಪವಾಸದ ಆಯಾಸ, ಮಲಗಲಿ ಎಂದು ಮನೆಯವರು ಮಕ್ಕಳನ್ನೂ ಗದರಿಸಿ ಸುಮ್ಮನಾಗಿಸುತ್ತಾರೆ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯದಲ್ಲಿ ಇದು ಅಪಾಯದ ಗೌರವ. ಹೋಗಿ ಮಾತನಾಡಿಸಿ. ಹಣೆ ತಣ್ಣಗೆ ಬೆವರಿದೆಯೇ, ಕೈ ನಡುಗುತ್ತಿದೆಯೇ, ಮಾತು ತೊದಲುತ್ತಿದೆಯೇ, ಕೇಳಿದ್ದೊಂದು ಹೇಳುವುದೊಂದು ಆಗುತ್ತಿದೆಯೇ ನೋಡಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಬೆರಳು ಚುಚ್ಚಿ ಪರೀಕ್ಷಿಸಿ. ಹಾಗೆ ಚುಚ್ಚುವುದರಿಂದ ಉಪವಾಸ ಮುರಿಯುವುದಿಲ್ಲ ಎಂಬುದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹೀಗಿದ್ದೂ ‘ರಕ್ತ ಬಂದರೆ ಉಪವಾಸ ಹೋಗುತ್ತದೆ’ ಎಂಬ ಭಯದಿಂದ ಇಡೀ ತಿಂಗಳು ಮೀಟರನ್ನು ಕಪಾಟಿನಲ್ಲಿ ಇಡುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ.

ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಉಪವಾಸ ಅಲ್ಲಿಗೇ ನಿಲ್ಲಿಸಬೇಕು. ಮಲೇಷ್ಯಾದಲ್ಲಿ ಬೇರೆ ಅಳತೆ ಬಳಸುತ್ತಾರೆ, ಅಲ್ಲಿ ಅದು 3.9. ಮಗ್ರಿಬ್‌ಗೆ ಇನ್ನು ಇಪ್ಪತ್ತೇ ನಿಮಿಷ ಎಂದು ಕಾಯಬಾರದು. 300 ದಾಟಿದರೂ ನಿಲ್ಲಿಸಬೇಕು, ವೈದ್ಯರನ್ನು ಕಾಣಬೇಕು. ಸಕ್ಕರೆ ಇಳಿದಾಗ ಎಚ್ಚರವಿದ್ದರೆ ತಕ್ಷಣ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕೊಡಿ. (ನಾನು ಇಷ್ಟು ಹೊತ್ತು ಬೈದ ಕೆಂಪು ಶರಬತ್ತು ಕೂಡ ಆ ಹೊತ್ತಿಗೆ ಔಷಧವೇ.) ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಿ.

ಇನ್ನು ಔಷಧದ ವಿಷಯ. ಹಗಲು ತಿನ್ನುವುದಿಲ್ಲವಲ್ಲ, ಹಗಲಿನ ಮಾತ್ರೆ ಯಾಕೆ ಎಂದು ತಾವೇ ತೀರ್ಮಾನಿಸಿ ಬಿಟ್ಟುಬಿಡುವವರಿದ್ದಾರೆ. ಬೆಳಗಿನದನ್ನೂ ರಾತ್ರಿಯದನ್ನೂ ಒಟ್ಟಿಗೆ ನುಂಗುವವರೂ ಇದ್ದಾರೆ. ಎರಡೂ ಅಪಾಯ. ಯಾವುದನ್ನು ಇಫ್ತಾರ್‌ಗೆ, ಯಾವುದನ್ನು ಸಹರಿಗೆ, ಎಷ್ಟು ಪ್ರಮಾಣ ಎಂಬುದನ್ನು ವೈದ್ಯರೇ ಹೇಳಬೇಕು. ಅದಕ್ಕೆ ರಮಝಾನ್‌ಗೆ ಒಂದೂವರೆ ತಿಂಗಳ ಮೊದಲೇ ಹೋಗಬೇಕು, ಚಂದ್ರದರ್ಶನದ ಮರುದಿನವಲ್ಲ.

ವೈದ್ಯರು ‘ನೀವು ಉಪವಾಸ ಹಿಡಿಯಬೇಡಿ’ ಎಂದರೆ? ಕಷ್ಟ ಇರುವುದು ಇಲ್ಲೇ, ಮತ್ತು ಇದು ಸಕ್ಕರೆಯ ಕಷ್ಟವಲ್ಲ, ಮರ್ಯಾದೆಯ ಕಷ್ಟ. ಮಲಯ್ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಉಪವಾಸ ಕಲಿಸುವ ರೀತಿ ಬಹಳ ಚೆಂದ. ಏಳು ವರ್ಷದ ಪೋರ ಮಧ್ಯಾಹ್ನದವರೆಗೆ ಹಿಡಿಯುತ್ತಾನೆ, ಆಮೇಲೆ ಊಟ ಮಾಡುತ್ತಾನೆ. ಕದ್ದು ನೀರು ಕುಡಿದರೂ ನಗುತ್ತಾರೆ. ಅಂಥ ಉಪವಾಸಕ್ಕೆ ‘ಪುವಾಸಾ ಯಾಂಗ್ ಯೋಕ್’ ಎಂಬ ತಮಾಷೆಯ ಹೆಸರೂ ಇದೆ. ‘ಪುವಾಸಾ’ ಅಂದರೆ ಉಪವಾಸವೇ. ನಮ್ಮ ಪದದ ಜೊತೆ ಸಂಸ್ಕೃತದ ಮೂಲಕ ನಂಟು ಇರುವ ಪದ. ಪೂರ್ತಿ ಹಿಡಿದ ದಿನಕ್ಕೆ ಇಷ್ಟು ರಿಂಗಿಟ್ ಎಂದು ಅಪ್ಪ ಬಹುಮಾನ ಕೊಡುವುದೂ ಉಂಟು. ಅರ್ಧ ದಿನದ ಉಪವಾಸವನ್ನು ಇಷ್ಟು ಪ್ರೀತಿಯಿಂದ ಒಪ್ಪುವ ಅದೇ ಮನೆಯಲ್ಲಿ, ಉಪವಾಸ ಹಿಡಿಯಲಾಗದ ಅಜ್ಜ ಅಡುಗೆಮನೆಯ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತು ಊಟ ಮಾಡುತ್ತಾರೆ. ಮೊಮ್ಮಗ ನೋಡಿದರೆ ಏನಂದುಕೊಂಡಾನು ಎಂಬ ಸಂಕೋಚ. ಆ ಸಂಕೋಚವೇ ಮರುದಿನ ಅವರಿಂದ ಉಪವಾಸ ಹಿಡಿಸುತ್ತದೆ, ಔಷಧ ಬಿಡಿಸುತ್ತದೆ.

ಉಪವಾಸ ಕಡ್ಡಾಯಗೊಳಿಸಿದ ಕುರ್‌ಆನಿನ ಸೂಕ್ತಗಳಲ್ಲಿಯೇ (ಅಲ್ ಬಕರ: 184, 185) ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿ ಇದೆ. ಬೇರೆ ದಿನ ಪೂರ್ತಿ ಮಾಡಬಹುದು. ಗುಣವಾಗದ ಕಾಯಿಲೆಯವರು ದಿನಕ್ಕೊಬ್ಬ ಬಡವನಿಗೆ ಅನ್ನ ಕೊಡಬಹುದು. ಅಲ್ಲಾಹನು ಆಜ್ಞೆಯ ಜೊತೆಯಲ್ಲೇ ಇಟ್ಟ ಬಾಗಿಲು ಅದು. ಮಲೇಷ್ಯಾದಲ್ಲಿ ದಿನಕ್ಕೆ ಒಂದು ‘ಚುಪಾಕ್’ ಅಕ್ಕಿಯ ಲೆಕ್ಕದಲ್ಲಿ ಫಿದ್ಯಾ ಪಾವತಿಸುವ ವ್ಯವಸ್ಥೆ ಅಲ್ಲಿನ ರಾಜ್ಯಗಳ ಧಾರ್ಮಿಕ ಮಂಡಳಿಗಳಲ್ಲೇ ಇದೆ. ಹಾಗಾದರೆ ಮನೆಯಲ್ಲಿ ಮಾತ್ರ ಯಾಕೆ ಕದ್ದುಮುಚ್ಚಿ? ಫಿದ್ಯಾದ ಅಕ್ಕಿಯನ್ನು ಮೊಮ್ಮಕ್ಕಳ ಕೈಯಲ್ಲೇ ಅಳೆಸಿ. ‘ಅಜ್ಜನ ಉಪವಾಸ ಇದು’ ಎಂದು ಹೇಳಿ. ಮಕ್ಕಳಿಗೆ ಅದು ಅರ್ಥವಾಗುತ್ತದೆ. ಅರ್ಥವಾಗದೆ ಇರುವುದು ಹೆಚ್ಚಾಗಿ ದೊಡ್ಡವರಿಗೆ, ಅದರಲ್ಲೂ ಬಂಧುಗಳ ಪೈಕಿ ಒಬ್ಬರಿಗಾದರೂ.

ಜಗ್ ತೆಗೆದರೆ ಮೇಜಿನ ಮೇಲೆ ಏನು ಇಡುವುದು ಎಂದು ಕೇಳುವ ತಾಯಂದಿರಿಗೆ ಮಲಯ್ ಅಡುಗೆಯಲ್ಲೇ ಉತ್ತರವಿದೆ. ಕೌಲಾಲಂಪುರದ ಕಂಪುಂಗ್ ಬಾರು ಎಂಬ ಹಳೆಯ ಮಲಯ್ ಬಡಾವಣೆಯ ಜಾಮಿಅ ಮಸೀದಿಯಲ್ಲಿ ರಮಝಾನ್‌ನಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ‘ಬುಬುರ್ ಲಂಬುಕ್’ ಬೇಯುತ್ತದೆ. ಅಕ್ಕಿ, ಮಾಂಸದ ಚೂರು, ತೆಂಗಿನಹಾಲು, ಶುಂಠಿ, ಚಕ್ಕೆ ಲವಂಗ ಹಾಕಿದ ಗಂಜಿ. ಅಸರ್ ನಮಾಝಿನ ನಂತರ ಸಾಲಿನಲ್ಲಿ ನಿಂತ ಎಲ್ಲರಿಗೂ ಹಂಚುತ್ತಾರೆ, ಕಾರಿನಲ್ಲಿ ಬಂದವನಿಗೂ ಅದೇ, ಕೂಲಿಯವನಿಗೂ ಅದೇ. ನಮ್ಮ ಕರಾವಳಿಯ ಮನೆಗಳ ರಮಝಾನ್ ಗಂಜಿಯನ್ನು ಉಂಡವರಿಗೆ ಇದು ಹೊಸತಲ್ಲ. ಒಂದು ಖರ್ಜೂರ, ಎರಡು ಲೋಟ ನೀರು, ಒಂದು ಸಣ್ಣ ಬಟ್ಟಲು ಬಿಸಿ ಗಂಜಿ, ನಂತರ ಮಗ್ರಿಬ್ ನಮಾಝ್. ನಮಾಝ್ ಮುಗಿಸಿ ಊಟಕ್ಕೆ ಕೂರುವಾಗ ಕಣ್ಣಿನ ಹಸಿವು ಅರ್ಧ ಇಳಿದಿರುತ್ತದೆ. ಗಂಜಿಯೂ ಅಕ್ಕಿಯದೇ, ಮಧುಮೇಹಿಗಳು ಬಟ್ಟಲು ಚಿಕ್ಕದಿಡಬೇಕು, ಆಮೇಲಿನ ಅನ್ನ ಅಷ್ಟು ಕಡಿಮೆ ಮಾಡಬೇಕು. ಊಟದ ಜೊತೆ ಮಲಯರು ‘ಉಲಾಮ್’ ಎಂದು ಹಸಿ ಸೊಪ್ಪುಗಳನ್ನು ತಿನ್ನುತ್ತಾರೆ. ಅದರಲ್ಲಿ ಮುಖ್ಯವಾದ ‘ಪೆಗಾಗಾ’ ಬೇರೇನೂ ಅಲ್ಲ, ನಮ್ಮ ಒಂದೆಲಗ. ಬಜಾರ್‌ನ ಪೈಪೋಟಿಯಲ್ಲಿ ಉಲಾಮ್ ತಟ್ಟೆಯ ಅಂಚಿಗೆ ಸರಿದಿದೆ, ನಮ್ಮಲ್ಲಿ ಒಂದೆಲಗದ ಚಟ್ನಿ ಸರಿದ ಹಾಗೆ.

ಮಕ್ಕಳು ಮೊದಲ ಎರಡು ದಿನ ಗಲಾಟೆ ಮಾಡುತ್ತಾರೆ. ಮಾಡಲಿ. ವಾರಕ್ಕೊಂದು ದಿನ, ಶುಕ್ರವಾರ ಎಂದಿಟ್ಟುಕೊಳ್ಳಿ, ಶರಬತ್ತು ಮಾಡಿ, ಅಳತೆ ಅರ್ಧ ಮಾಡಿ. ಮಲೇಷ್ಯಾದ ಚಹಾ ಅಂಗಡಿಗಳಲ್ಲಿ ‘ಕುರಾಂಗ್ ಮಾನಿಸ್’, ಸಿಹಿ ಕಡಿಮೆ ಎಂದು ಹೇಳಿ ಚಹಾ ತರಿಸಿಕೊಳ್ಳುವುದು ಈಗ ಸಾಮಾನ್ಯ. ಅಂಗಡಿಯವನಿಗೆ ಹೇಳಲು ನಾಚದವರು ಸ್ವಂತ ಅಡುಗೆಮನೆಯಲ್ಲಿ ಹೇಳಲು ಯಾಕೆ ಹಿಂಜರಿಯಬೇಕು? ಹೇಳುವ ಕೆಲಸ ಗಂಡಸರು ಮಾಡಿದರೆ ಒಳ್ಳೆಯದು. ಬಜಾರ್‌ನಿಂದ ಚೀಲ ಹಿಡಿದು ಬರುವವರು ಹೆಚ್ಚಾಗಿ ಅವರೇ. ನಸುಕಿನ ನಾಲ್ಕೂವರೆಗೆ ಎದ್ದು ಸಹರಿ ಮಾಡುವ ತಾಯಿಗೆ ಪಥ್ಯ ಕಾಯುವ ಪೊಲೀಸ್ ಕೆಲಸವನ್ನೂ ಹೊರಿಸಬೇಡಿ.

ತರಾವೀಹ್ ಮುಗಿದ ಮೇಲೆ ಮಸೀದಿಯಲ್ಲಿ ‘ಮೊರೆಹ್’ ಎಂಬ ಲಘು ಉಪಾಹಾರ ಕಾಯುತ್ತಿರುತ್ತದೆ, ಮತ್ತೆ ಕುಯೆಹ್, ಮತ್ತೆ ಸಿಹಿ ಚಹಾ. ಮಸೀದಿ ಸಮಿತಿಯವರು ಈ ಸಾಲು ಓದುತ್ತಿದ್ದರೆ, ನಿಮ್ಮಲ್ಲೂ ಇಂಥ ಏರ್ಪಾಡಿದ್ದರೆ, ಒಂದು ತಟ್ಟೆ ಹಣ್ಣಿನ ಹೋಳು ಮತ್ತು ಸಕ್ಕರೆ ಹಾಕದ ಒಂದು ಫ್ಲಾಸ್ಕ್ ಚಹಾ ಇಡಿ. ಮತ್ತೆ ಈದ್ ಬರುತ್ತದೆ. ಮಲಯ್ ಮನೆಗಳಲ್ಲಿ ಶವ್ವಾಲ್ ತಿಂಗಳಿಡೀ ಬಾಗಿಲು ತೆರೆದೇ ಇರುತ್ತದೆ. ಬಂದವರ ಮುಂದೆ ಅನಾನಸ್ ಹೂರಣದ ಬಿಸ್ಕತ್ತುಗಳ ಜಾಡಿಗಳು ಸಾಲಾಗಿ ಬರುತ್ತವೆ, ಜೊತೆಗೆ ಅದೇ ಕೆಂಪು ಜಗ್. ನೀವು ಅತಿಥಿಯಾಗಿ ಹೋದ ಮನೆಯಲ್ಲಿ ಮೊದಲು ನೀರು ಕೇಳಿ. ಆ ಮನೆಯ ಅಜ್ಜನೂ ನಿಮ್ಮ ಜೊತೆ ನೀರೇ ಕುಡಿದಾರು.